ಕಲೆಯ ಗುಣ ತಿಳಿದರೆ ಅಡುಗೆಮನೆಯಲ್ಲೇ ಮದ್ದಿದೆ

ಬಟ್ಟೆಯ ಮೇಲೆ ಏನಾದರೂ ಚೆಲ್ಲಿದ ಕೂಡಲೇ ಬಿಸಿನೀರು, ಸೋಪಿನ ಪುಡಿ, ಬ್ರಷ್ ಹಿಡಿದು ಉಜ್ಜಲು ಹೊರಡುವವರನ್ನು ಕಂಡರೆ ನನಗೆ ಸುಮ್ಮನಿರಲಾಗುವುದಿಲ್ಲ. ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದು ಯಾವುದರ ಕಲೆ? ಒಂದು ಕಲೆಗೆ ಮದ್ದಾದದ್ದೇ ಇನ್ನೊಂದನ್ನು ನೂಲಿನೊಳಗೆ ಕಾಯಂ ಆಗಿ ಕೂರಿಸಿಬಿಡುತ್ತದೆ. ಇಷ್ಟು ತಿಳಿದಿದ್ದರೆ ದುಬಾರಿ ಬಾಟಲಿಗಳ ಅಗತ್ಯವೇ ಬೀಳುವುದಿಲ್ಲ. ಉಪ್ಪು, ನಿಂಬೆ, ಅಡುಗೆ ಸೋಡಾ, ಬಿಳಿ ವಿನೆಗರ್, ಪಾತ್ರೆ ತೊಳೆಯುವ ದ್ರವ, ಜೊತೆಗೆ ಬಿಸಿಲು ಇದ್ದರೆ ಬಹುತೇಕ ಎಲ್ಲ ಕೆಲಸವೂ ಆಗುತ್ತದೆ.

ಕಲೆ ಯಾವುದೇ ಇರಲಿ, ಉಜ್ಜಬೇಡಿ, ಒತ್ತಿ. ಒಣ ಹತ್ತಿ ಬಟ್ಟೆಯಿಂದ ಕಲೆಯ ಅಂಚಿನಿಂದ ನಡುವಿನ ಕಡೆಗೆ ಒತ್ತುತ್ತಾ ಬನ್ನಿ, ಆಗ ಅದು ಹರಡುವುದಿಲ್ಲ. ಕಲೆ ಪೂರ್ತಿ ಹೋಗುವ ತನಕ ಇಸ್ತ್ರಿಪೆಟ್ಟಿಗೆ ಮುಟ್ಟಬೇಡಿ. ಶಾಖ ತಗುಲಿದ ಕಲೆಯನ್ನು ಆಮೇಲೆ ಬಿಡಿಸುವುದು ಬಲು ಕಷ್ಟ.

ರಕ್ತಕ್ಕೆ ತಣ್ಣೀರೇ ಬೇಕು. ಮೊಟ್ಟೆಯ ಬಿಳಿ ಭಾಗ ಬಿಸಿಗೆ ಗಟ್ಟಿಯಾಗುವ ಹಾಗೆ ರಕ್ತದಲ್ಲಿರುವ ಪ್ರೋಟೀನೂ ಬಿಸಿನೀರು ತಾಗಿದರೆ ನೂಲಿಗೆ ಅಂಟಿಕೊಳ್ಳುತ್ತದೆ. ತಣ್ಣೀರಿಗೆ ಒಂದು ಹಿಡಿ ಉಪ್ಪು ಹಾಕಿ ಅರ್ಧ ಗಂಟೆ ನೆನೆಸಿಟ್ಟು, ಜಾಲಾಡಿಸಿ, ಆಮೇಲೆ ಸೋಪು ಹಚ್ಚಿ. ಹಾಲು, ಮೊಟ್ಟೆಯ ಕಲೆಗೂ ಇದೇ ಕ್ರಮ.

ಎಣ್ಣೆಯದು ಬೇರೆಯೇ ಲೆಕ್ಕ. ಅದಕ್ಕೆ ಮೊದಲೇ ನೀರು ಸೋಕಿಸಬಾರದು. ಕಾರ್ನ್‌ಫ್ಲೋರ್ ಅಥವಾ ಮುಖಕ್ಕೆ ಹಚ್ಚುವ ಪೌಡರನ್ನು ಕಲೆ ಮುಚ್ಚುವಷ್ಟು ಉದುರಿಸಿ, ಅರ್ಧ ಗಂಟೆ ಬಿಟ್ಟು ಕೊಡವಿ. ಪುಡಿ ಜಿಡ್ಡು ಹೀರಿ ಗಂಟು ಗಂಟಾಗಿರುವುದು ಕಣ್ಣಿಗೇ ಕಾಣುತ್ತದೆ. ಉಳಿದ ಜಿಡ್ಡಿಗೆ ಪಾತ್ರೆ ತೊಳೆಯುವ ದ್ರವವನ್ನು ಒಂದೆರಡು ಹನಿ ಹಾಕಿ, ಬೆರಳಿನಿಂದ ಮೃದುವಾಗಿ ಹರಡಿ, ಬಟ್ಟೆ ತಡೆಯುವಷ್ಟು ಬಿಸಿ ಇರುವ ನೀರಿನಲ್ಲಿ ಒಗೆಯಿರಿ.

ಜನರನ್ನು ಹೆಚ್ಚು ಹೆದರಿಸುವುದು ಅರಿಶಿನ. ಸೋಪು ಹಚ್ಚಿದ ಮರುಕ್ಷಣ ಹಳದಿ ಕಲೆ ಕೆಂಪಗಾಗುತ್ತದೆ, ಬಟ್ಟೆ ಹಾಳಾಯಿತೆಂದು ಜೀವ ಹಾರಿಹೋಗುತ್ತದೆ. ಹಾಳಾಗಿರುವುದಿಲ್ಲ. ಅರಿಶಿನಕ್ಕೆ ಬಣ್ಣ ಕೊಡುವ ಕರ್ಕ್ಯುಮಿನ್ ಕ್ಷಾರ ತಾಗಿದರೆ ಕೆಂಪಾಗುತ್ತದೆ. ಚೆನ್ನಾಗಿ ಜಾಲಾಡಿಸಿ ಎರಡು ಹನಿ ನಿಂಬೆರಸ ಬಿಟ್ಟರೆ ಮತ್ತೆ ಹಳದಿಗೇ ತಿರುಗುತ್ತದೆ. ಈ ಕರ್ಕ್ಯುಮಿನ್ ಬಿಸಿಲಿಗೆ ನಿಲ್ಲುವುದಿಲ್ಲ, ಬೆಳಕಿನಲ್ಲಿ ಒಡೆದುಹೋಗುತ್ತದೆ. ಹಾಗಾಗಿ ಸೋಪಿನಲ್ಲಿ ತೊಳೆದ ಬಟ್ಟೆಯನ್ನು ಒದ್ದೆಯಿರುವಾಗಲೇ ಕಲೆ ಮೇಲೆ ಬರುವಂತೆ ಬಿಸಿಲಿಗೆ ಹರವಿ. ಮೊದಲು ಅಂಚು ತೆಳುವಾಗುತ್ತದೆ, ನಂತರ ನಡುವಿನ ಹಳದಿ ಮಸುಕಾಗುತ್ತಾ ಬರುತ್ತದೆ. ಉಳಿದರೆ ಮರುದಿನ ಮತ್ತೆ ಒದ್ದೆ ಮಾಡಿ ಹರವಿ. ಹಳದಿಗಟ್ಟಿದ ಪ್ಲಾಸ್ಟಿಕ್ ಡಬ್ಬಿಗಳಿಗೂ ಇದೇ ಉಪಾಯ. ಬಣ್ಣದ ಬಟ್ಟೆಯಾದರೆ ಕಲೆಯಿರುವ ಭಾಗವನ್ನಷ್ಟೇ ಬಿಸಿಲಿಗೆ ತೋರಿಸಿ, ಇಲ್ಲವಾದರೆ ಬಟ್ಟೆಯ ಬಣ್ಣವೂ ಮಾಸುತ್ತದೆ.

ಚಹಾ, ಕಾಫಿ ಚೆಲ್ಲಿದ ಬಟ್ಟೆಗೆ ತಕ್ಷಣ ತಣ್ಣೀರು, ಆಮೇಲೆ ನೀರು ಬೆರೆಸಿದ ವಿನೆಗರ್. ಕಪ್ಪಿನೊಳಗಿನ ಕಂದು ಗೆರೆಗೆ ಒದ್ದೆ ಅಡುಗೆ ಸೋಡಾದಲ್ಲಿ ಒಮ್ಮೆ ತಿಕ್ಕಿದರೆ ಸಾಕು. ಬಾಲ್ ಪೆನ್ನಿನ ಶಾಯಿಗೆ ಆಲ್ಕೋಹಾಲ್ ಇರುವ ಸ್ಯಾನಿಟೈಸರ್ ಹಾಕಿ, ಅಡಿಗೊಂದು ಹಳೆ ಬಟ್ಟೆಯಿಟ್ಟು ಒತ್ತಿ, ಶಾಯಿ ಕೆಳಗಿನ ಬಟ್ಟೆಗೆ ಇಳಿಯುತ್ತದೆ. ಬಿಳಿ ಬಟ್ಟೆಯ ಮೇಲಿನ ತುಕ್ಕಿಗೆ ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿನಲ್ಲಿಟ್ಟು ತೊಳೆಯಿರಿ. ತುಕ್ಕಿಗೆ ಬ್ಲೀಚ್ ಹಾಕಿದರೆ ಕಲೆ ಇನ್ನಷ್ಟು ಗಟ್ಟಿಯಾಗುತ್ತದೆ.

ನಲ್ಲಿಯ ಬಾಯಿಗೆ ಕಟ್ಟಿದ ಬಿಳಿ ಪೊರೆಯನ್ನು ಚಾಕುವಿನಿಂದ ಕೆರೆಯುವವರಿದ್ದಾರೆ. ದಯವಿಟ್ಟು ಬೇಡ, ಹೊಳಪೆಲ್ಲ ಕಿತ್ತುಹೋಗುತ್ತದೆ. ಅದು ಗಡಸು ನೀರು ಬಿಟ್ಟುಹೋದ ಸುಣ್ಣದ ಅಂಶ, ಹುಳಿಗೆ ಕರಗುತ್ತದೆ. ವಿನೆಗರಿನಲ್ಲಿ ಅದ್ದಿದ ಬಟ್ಟೆಯನ್ನು ನಲ್ಲಿಗೆ ಸುತ್ತಿ ಅರ್ಧ ಗಂಟೆ ಬಿಡಿ. ಬಿಚ್ಚುವಾಗ ಪೊರೆ ಮೆತ್ತಗಾಗಿ, ಹಳೆ ಹಲ್ಲುಜ್ಜುವ ಬ್ರಷ್ಷಿಗೆ ಪುಡಿಪುಡಿಯಾಗಿ ಬರುತ್ತದೆ. ತಕ್ಷಣ ನೀರು ಹಾಯಿಸಿ ತೊಳೆದುಬಿಡಿ. ಆದರೆ ಅಮೃತಶಿಲೆಯ ಮೇಲೆ ವಿನೆಗರ್, ನಿಂಬೆ ಒಂದು ಹನಿಯೂ ಬೀಳಬಾರದು. ಆ ಕಲ್ಲೂ ಸುಣ್ಣದ ಜಾತಿಯದೇ, ಹುಳಿ ಅದನ್ನೂ ತಿನ್ನುತ್ತದೆ.

ಅಡುಗೆ ಸೋಡಾ ಮತ್ತು ವಿನೆಗರನ್ನು ಬಾಟಲಿಯಲ್ಲಿ ಬೆರೆಸಿಟ್ಟುಕೊಳ್ಳಿ ಎಂಬ ಸಲಹೆ ಎಲ್ಲೆಡೆ ಓಡಾಡುತ್ತಿದೆ. ನನಗೆ ಇದು ಸುತರಾಂ ಒಪ್ಪಿಗೆಯಿಲ್ಲ. ಬುರುಬುರು ನೊರೆ ಬರುವುದು ನಿಜ, ಆದರೆ ಅಷ್ಟರಲ್ಲಿ ಹುಳಿ ಮತ್ತು ಕ್ಷಾರ ಪರಸ್ಪರ ಕೊಂದುಕೊಂಡಿರುತ್ತವೆ. ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು. ಮುಚ್ಚಳ ಬಿಗಿದಿಟ್ಟರೆ ಅನಿಲದ ಒತ್ತಡಕ್ಕೆ ಬಾಟಲಿ ಸಿಡಿಯಲೂಬಹುದು. ಎರಡನ್ನೂ ಬೇರೆ ಬೇರೆಯಾಗಿ ಬಳಸಿ. ಅದಕ್ಕಿಂತ ಮುಖ್ಯವಾದದ್ದು: ಬ್ಲೀಚ್ ಜೊತೆ ವಿನೆಗರ್, ನಿಂಬೆ, ಅಮೋನಿಯಾ ಯಾವುದನ್ನೂ ಯಾವ ಕಾರಣಕ್ಕೂ ಸೇರಿಸಬೇಡಿ. ಹೊಮ್ಮುವ ವಿಷಾನಿಲ ಶ್ವಾಸಕೋಶವನ್ನು ಸುಡುತ್ತದೆ, ಮುಚ್ಚಿದ ಬಚ್ಚಲುಮನೆಯಲ್ಲಂತೂ ಪ್ರಾಣಕ್ಕೇ ಅಪಾಯ.

ರೇಷ್ಮೆ, ಉಣ್ಣೆಗೆ ಸೋಡಾ, ಬ್ಲೀಚ್ ಎರಡೂ ಆಗಿಬರುವುದಿಲ್ಲ. ತಣ್ಣೀರು, ಮೃದುವಾದ ಸೋಪು ಸಾಕು. ಯಾವ ಬಟ್ಟೆಯೇ ಆಗಲಿ, ಹಚ್ಚುವ ಮುನ್ನ ಒಳಗಿನ ಹೊಲಿಗೆಯ ಅಂಚಿಗೆ ಒಂದು ಹನಿ ಹಾಕಿ ಹತ್ತು ನಿಮಿಷ ಬಿಟ್ಟು ಬಿಳಿ ಬಟ್ಟೆಯಿಂದ ಒತ್ತಿ ನೋಡಿ. ಬಿಳಿ ಬಟ್ಟೆಗೆ ಬಣ್ಣ ಹತ್ತದಿದ್ದರೆ ಕೆಲಸ ಶುರುಮಾಡಬಹುದು.