ಸಂತೆ ಟೇಬಲ್ಲು: ಅರ್ಜಿ ತುಂಬ್ತಾ ತುಂಬ್ತಾ ತಂದೆ-ತಾಯಿ ಮಾತಿಗೆ ಸಿಕ್ಕಿದ ನನ್ನ ಅನುಭವ

"ಸಂತೇಲಿ ಕೂತ್ಕಂಡು ಕೌನ್ಸೆಲಿಂಗ್ ಮಾಡ್ತಾಳಂತೆ, ಬಂಗಡೆ ಜೊತೆ ಬುದ್ಧಿನೂ ಮಾರ್ತಾಳೆ" ಅಂತ ನಮ್ ಫೀಲ್ಡಿನವ್ರೇ ಒಬ್ರು ಮೀಟಿಂಗಲ್ಲಿ ಅಂದಿದ್ರು, ನಾನು ಹಿಂದೆ ಚಾ ತಗೊಳ್ತಾ ನಿಂತಿದ್ದು ನೋಡಿರ್ಲಿಲ್ಲ. ಹೋದ ತಿಂಗ್ಳು ಅವ್ರೇ ಫೋನ್ ಮಾಡಿ "ಅದು ನೀವು ಹ್ಯಾಂಗೆ ಮಾಡದು ಅಂತ ಸ್ವಲ್ಪ ಹೇಳಿ ಮೇಡಂ" ಅಂದ್ರು. ಕಾರವಾರದ ಭಾನುವಾರದ ಸಂತೇಲಿ ಅರ್ಜಿ ತುಂಬಿಕೊಡೋ ಟೇಬಲ್ ಹಾಕಿ, ಅದ್ರ ನೆವದಲ್ಲಿ ಪಾಲಕರ, ಮಕ್ಕಳ ಕಷ್ಟ ಕೇಳೋ ಕೆಲ್ಸ ನಂದು. ಫೋನಲ್ಲಿ ಹೇಳಿ ಮುಗಿಯೋ ವಿಷ್ಯ ಅಲ್ಲ, ಅದ್ಕೇ ಬರೀತಾ ಇದ್ದೇನೆ. ಎಲ್ಲಾ ಬಿಚ್ಚಿ ಹೇಳ್ತೇನೆ ಅಂತಲ್ಲ, ಒಂದೆರಡು ನನ್ನ ಹತ್ರನೇ ಇರ್ಲಿ.

ಮೊದ್ಲು ಹಾಳು ಮಾಡ್ಕೊಂಡ ದುಡ್ಡಿನ ಲೆಕ್ಕ. ಕಾರವಾರದಲ್ಲಿ ಕೋಡಿಬಾಗ ಕಡೆ ಒಂದು ರೂಮು ಹಿಡ್ದೆ, ತಿಂಗ್ಳಿಗೆ 2500, ಅಡ್ವಾನ್ಸ್ 10 ಸಾವಿರ. ನಾಲ್ಕು ಕುರ್ಚಿ, ಗೋಡೆಗೆ ಮಕ್ಕಳ ಚಿತ್ರ, ಹೊರಗೆ ದೊಡ್ಡ ಬೋರ್ಡು, ಪಾಲಕರು ಮಕ್ಕಳು ಯುವಜನರಿಗೆ ಉಚಿತ ಆಪ್ತ ಸಮಾಲೋಚನಾ ಕೇಂದ್ರ ಅಂತ. ಬೋರ್ಡಿಗೇ 3 ಸಾವಿರದ ಹತ್ರ ಹೋಯ್ತು. ಎಂಟು ತಿಂಗ್ಳಲ್ಲಿ ಬಂದವ್ರು ಹನ್ನೊಂದೋ ಹನ್ನೆರಡೋ ಜನ, ಅದ್ರಲ್ಲಿ ಇಬ್ರು ಟಾಯ್ಲೆಟ್ ಕೇಳಿ ಬಂದವ್ರು, ಒಬ್ರು ಗಂಡಿನ ಜಾತಕ ಹಿಡ್ಕೊಂಡು ಬಂದಿದ್ರು, ಸಂಬಂಧ ನೋಡಿಕೊಡೋ ಆಫೀಸು ಅಂದ್ಕೊಂಡು. ಉಚಿತ ಅಂದ್ರೆ ಏನೋ ಮೋಸ, ಸಮಾಲೋಚನೆ ಅಂದ್ರೆ ತಲೆ ಕೆಟ್ಟವ್ರಿಗೆ, ಇವೆರಡೂ ಒಂದೇ ಬೋರ್ಡಲ್ಲಿ ಬರ್ಸಿದ್ನಲ್ಲ, ಯಾರು ಮೆಟ್ಲು ಹತ್ತುತ್ತಾರೆ. ಹತ್ತಿದ್ರೂ ಎದುರಿನ ಕಿರಾಣಿ ಅಂಗ್ಡಿಯವ್ನು ನೋಡ್ತಾನಲ್ಲ.

ದಾರಿ ಸಿಕ್ಕಿದ್ದು ಅಕಸ್ಮಾತ್. ರೂಮು ಖಾಲಿ ಮಾಡೋ ವಾರ, ಮೀನು ಮಾರೋ ಒಬ್ರು ಅಕ್ಕ ಮಗಳ ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕಿಕೊಡಿ ಅಂತ ಬಂದ್ರು. ಆಧಾರಲ್ಲಿ ಒಂದು ಹೆಸ್ರು, ಶಾಲೆ ದಾಖಲೇಲಿ ಇನ್ನೊಂದು, ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ (ಜೋಡಣೆ) ಆಗಿಲ್ಲ, ನಿಮಗೆಲ್ಲ ಗೊತ್ತಿರೋ ಗೋಳೇ. ರಾಜ್ಯದ ಸ್ಕಾಲರ್‌ಶಿಪ್ ಅರ್ಜಿಯ ಎಸ್‌ಎಸ್‌ಪಿ ಸೈಟು ಗರಗರ ತಿರುಗ್ತಾ ಇತ್ತು, ಓಟಿಪಿ ಬರ್ಲೇ ಇಲ್ಲ. ಕಾಯ್ತಾ ಕೂತ ಒಂದೂವರೆ ತಾಸಲ್ಲಿ ಆ ಅಕ್ಕ, ನಾನು ಏನೂ ಕೇಳದೆ, ದೊಡ್ಡ ಮಗ ಹತ್ತನೇ ಕ್ಲಾಸ್ ಫೇಲಾಗಿ ಗೋವಾದ ಮಡಗಾಂವಿಗೆ ಓಡಿಹೋಗಿದ್ದು, ಗಂಡ ಅವ್ನ ಹೆಸ್ರೆತ್ತಿದ್ರೆ ಬಾರಿಸೋದು, ಸಣ್ಣವಳು ರಾತ್ರಿ ಮಾತಾಡೋದೇ ಬಿಟ್ಟಿದ್ದು ಎಲ್ಲಾ ಹೇಳಿಬಿಟ್ರು. ಎಂಟು ತಿಂಗ್ಳು ಕುರ್ಚಿ ಹಾಕ್ಕೊಂಡು ಕಾದ ಮಾತು ಓಟಿಪಿ ಕಾಯೋವಾಗ ಬಂತು!

ಮುಂದಿನ ಭಾನುವಾರವೇ ಸಂತೇಲಿ ಟೇಬಲ್ ಹಾಕ್ದೆ. ಮಡಚೋ ಟೇಬಲ್ 1400, ಕೊಡೆ 1800, ಹಳೇ ಪ್ರಿಂಟರ್ 3500ಕ್ಕೆ. ಬೋರ್ಡಲ್ಲಿ ಎರಡೇ ಪದ, ಅರ್ಜಿ ತುಂಬಿಕೊಡಲಾಗುವುದು. ಉಚಿತ ಅಂತ ಹಾಕ್ಲಿಲ್ಲ. ದುಡ್ಡು ಎಷ್ಟು ಅಂತ ಕೇಳಿದ್ರೆ ಝೆರಾಕ್ಸಿಂದು ಮಾತ್ರ ಕೊಡಿ ಅಂತಿದ್ದೆ, ಎರಡು ರೂಪಾಯಿ ಕೊಟ್ಟವ್ರಿಗೆ ಕೂತ್ಕೊಳ್ಳೋಕೆ ಹಕ್ಕು ಬಂದಂಗೆ ಆಗ್ತದೆ, ಇದು ಸಣ್ಣ ವಿಷ್ಯ ಅಲ್ಲ. ಕೊಂಕಣಿ ಬರ್ದಿದ್ರೆ ಈ ಕೆಲ್ಸಕ್ಕೆ ಕಾರವಾರದಲ್ಲಿ ಇಳೀಬೇಡಿ, ನನ್ನ ಕೊಂಕಣಿ ಕೇಳಿ ಮೊದ್ಲ ತಿಂಗ್ಳು ನಗ್ತಿದ್ರು, ನಗೋದಾದ್ರೂ ನಗ್ಲಿ, ಕೂತಿದ್ರಲ್ಲ.

ಮೂರನೇ ವಾರಕ್ಕೇ ದೊಡ್ಡ ಎಡವಟ್ಟು. ಒಬ್ಳು ಹುಡುಗಿ, ಇಪ್ಪತ್ತೆರಡೋ ಇಪ್ಪತ್ಮೂರೋ, ಕಂಕುಳಲ್ಲಿ ಕೂಸು, ಆದಾಯ ಪ್ರಮಾಣಪತ್ರದ ಅರ್ಜಿ ತುಂಬ್ತಾ ಇದ್ದವಳು ಅಲ್ಲೇ ಅಳೋಕೆ ಶುರು ಮಾಡಿದ್ಲು, ನಾನೂ ಬುದ್ಧಿಯಿಲ್ದೆ ಅಲ್ಲೇ ಕೇಳ್ತಾ ಕೂತೆ. ಪಕ್ಕದಲ್ಲಿ ಬಸಳೆ ಮಾರ್ತಿದ್ದವ್ರು ಕಿವಿ ಕೊಟ್ಟಿದ್ರು. ಸಂಜೆಗೆ ಇಡೀ ಕೇರಿಗೆ ಸುದ್ದಿ. ಅವಳು ಮತ್ತೆ ಬರ್ಲಿಲ್ಲ, ಎರಡು ಸಲ ಮನೆ ಹತ್ರ ಹೋದ್ರೂ ಅತ್ತೆ ಬಾಗ್ಲಲ್ಲೇ ಕಳ್ಸಿದ್ರು. ಇವತ್ತಿಗೂ ಸಂತೇಲಿ ಅವಳ ಮುಖ ಹುಡುಕ್ತೇನೆ.

ಅದಾದ ಮೇಲೆ ಹೊಳೆದಿದ್ದು ಈ ಉಪಾಯ, ಇದನ್ನ ಬೇಕಾದವ್ರು ತಗೊಳ್ಳಿ. ಮಾತು ಆಳಕ್ಕೆ ಇಳೀತಾ ಇದೆ ಅನ್ನಿಸಿದ ಕೂಡ್ಲೇ ಫಾರಂ ಮುಚ್ಚಿ, ಸುತ್ತ ಇದ್ದವ್ರಿಗೆಲ್ಲ ಕೇಳೋ ಹಾಗೆ ಗಟ್ಟಿಯಾಗಿ, "ಅಕ್ಕಾ, ಒಂದು ದಾಖಲೆ ಬಾಕಿ ಉಂಟು, ಮಂಗಳವಾರ ಮೂರು ಗಂಟೆಗೆ ಬನ್ನಿ" ಅಂತೇನೆ. ಮಂಗಳವಾರದ ಜಾಗ ಬೇರೆ, ಗುರುತಿನವ್ರ ಮನೆ ಹಿಂದಿನ ಪಡಸಾಲೆ, ಬಾಡ್ಗೆ ಇಲ್ಲ. ಮನೇಲಿ ಗಂಡ ಕೇಳಿದ್ರೆ "ದಾಖಲೆ ಬಾಕಿ ಇತ್ತು" ಅನ್ನೋಕಾಗ್ತದೆ, ಅತ್ತೆ ಕೇಳಿದ್ರೂ ಅದೇ. ಕೆಲವ್ರಿಗೆ ಆರು ತಿಂಗ್ಳಿಂದ ದಾಖಲೆ ಬಾಕಿನೇ ಇದೆ! ಮಂಗಳವಾರ ಕೂತ ಕೂಡ್ಲೇ ನಾನು ಕೇಳೋ ಮೊದಲ ಪ್ರಶ್ನೆ ಒಂದಿದೆ, ಅದು ಮಾತ್ರ ಇಲ್ಲಿ ಬರೆಯಲ್ಲ, ಓದಿ ಕೇಳಿದ್ರೆ ಅದು ಕೆಲ್ಸ ಮಾಡಲ್ಲ. ಆದ್ರೆ ಇನ್ನೊಂದು ಬಂದವ್ರಿಗೆ ಮೊದ್ಲೇ ಹೇಳ್ತೇನೆ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯದ ವಿಷ್ಯ ಬಂದ್ರೆ ನನ್ನ ಹೊಟ್ಟೇಲಿ ಇಟ್ಕೊಳ್ಳೋಕೆ ಬರಲ್ಲ, ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸ್ರಿಗೆ ತಿಳಿಸಲೇಬೇಕು. ಹೀಗೆ ಹೇಳಿದ್ರೆ ಜನ ಓಡ್ತಾರೆ ಅಂತ ಹಳಬ್ರು ಹೆದ್ರಿಸಿದ್ರು, ಯಾರೂ ಓಡ್ಲಿಲ್ಲ.

ನಂದು ಚಿಕಿತ್ಸೆ ಅಲ್ಲ, ಸರಿಯಾದ ಜಾಗಕ್ಕೆ ದಾಟಿಸೋ ಕೆಲ್ಸ. ಮಕ್ಕಳ ವಿಷ್ಯ ಅರ್ಜೆಂಟಾದ್ರೆ ಮಕ್ಕಳ ಸಹಾಯವಾಣಿ 1098, ದೊಡ್ಡ ಹುಡುಗ್ರು ನಿದ್ದೆ ಇಲ್ಲ, ಸಾಯ್ಬೇಕು ಅನ್ಸ್ತದೆ ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಇದು 2022ರಿಂದ ಇದೆ, ಕನ್ನಡದಲ್ಲೇ ಮಾತಾಡ್ತಾರೆ. ಬರೀ ನಂಬರ್ ಬರ್ದುಕೊಟ್ರೆ ಯಾರೂ ಮಾಡಲ್ಲ, ನನ್ನ ಫೋನಿಂದಲೇ ಹಚ್ಚಿ ಕೈಗೆ ಕೊಟ್ಟು ಹೊರಗೆ ಹೋಗಿ ನಿಲ್ತೇನೆ. ಗಂಡ ತೀರಿಕೊಂಡವ್ರು, ಬಿಟ್ಟುಹೋದವ್ರು ಇದ್ರೆ ಮಕ್ಕಳ ರಕ್ಷಣೆಯ ಸರ್ಕಾರಿ ಯೋಜನೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ, ಮಗುವಿಗೆ ತಿಂಗ್ಳಿಗೆ 4000, ಹಳ್ಳಿಯವ್ರಿಗೆ ವರ್ಷದ ಆದಾಯ 72 ಸಾವಿರ, ಪೇಟೆಯವ್ರಿಗೆ 96 ಸಾವಿರ ದಾಟಿರಬಾರ್ದು. ಈ ಆದಾಯದ ಮಿತಿಯಲ್ಲೇ ಅರ್ಧ ಅರ್ಜಿ ಸಿಕ್ಕಿಬೀಳ್ತವೆ. ಹಾಕಿದ ಮೂವತ್ತು ಚಿಲ್ಲರೇಲಿ ಒಂಬತ್ತಕ್ಕೆ ದುಡ್ಡು ಬಂತು, ಆ ಒಂಬತ್ತು ಮನೆಯವ್ರು ಸಂತೇಲಿ ಮಾಡಿದ ಪ್ರಚಾರ ಯಾವ ಬ್ಯಾನರ್ ಮಾಡ್ಲಿಕ್ಕಿಲ್ಲ.

ಅಪ್ಪಂದಿರು ಮಾತ್ರ ಸಿಕ್ತಾನೇ ಇರ್ಲಿಲ್ಲ. ಪಾಲಕರ ಸಭೆ ಕರೆದ್ರೆ ನಲವತ್ತು ತಾಯಂದಿರು, ಇಬ್ರು ಅಜ್ಜಂದಿರು. ನಮ್ ಕರಾವಳೀಲಿ ಜೂನ್ 1ರಿಂದ ಜುಲೈ ಕೊನೇವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್, 61 ದಿನ ಬೋಟು ದಡದಲ್ಲಿ. ಗಂಡಸ್ರು ಮನೇಲಿ, ಕೈಯಲ್ಲಿ ಕಾಸಿಲ್ಲ, ಹೊರಗೆ ಮಳೆ, ಅದೇ ಹೊತ್ತಿಗೆ ಶಾಲೆ ಶುರು, ಫೀಸು, ನೋಟ್‌ಬುಕ್ಕು, ಕೊಡೆ. ನನ್ನ ಹತ್ರ ಬರೋ ಹೊಡೆತದ ಕೇಸು ವರ್ಷದ್ದರಲ್ಲಿ ಸುಮಾರು ಅರ್ಧ ಈ ಎರಡು ತಿಂಗ್ಳಲ್ಲೇ. ಮೊದಲ ವರ್ಷ ಕುಡಿತದ ಮೇಲೆ ಭಾಷಣ ಇಟ್ಟೆ, ಚಾ ಕುಡಿದು ಎದ್ದುಹೋದ್ರು, ಚಾ-ಶಿರಾಕ್ಕೆ 1600 ಹೋಯ್ತು.

ಎರಡನೇ ವರ್ಷ ಭಾಷಣ ಬಿಟ್ಟೆ. ಬೈತಖೋಲ ಬಂದರಿನ ಹತ್ರ ಬಲೆ ರಿಪೇರಿ ಮಾಡೋ ಶೆಡ್ಡಿಗೆ ಬಂದ್ ಕಾಲಕ್ಕಂತ ಇರೋ ಮೀನುಗಾರರ ಉಳಿತಾಯ-ಪರಿಹಾರ ಯೋಜನೆ ಕಾಗದ ಹಿಡ್ಕೊಂಡು ಹೋದೆ, ಮೀನುಗಾರ 1500 ಕಟ್ಟಿದ್ರೆ ಸರ್ಕಾರದ್ದು ಸೇರಿ 4500 ಬರೋದು. ಅದ್ರ ಲೆಕ್ಕ ಕೇಳೋಕೆ ಎಲ್ರೂ ಕತ್ತೆತ್ತಿದ್ರು. ನಾನು ಮಾತಾಡಿದ್ದು ಕಮ್ಮಿ, ಮಾತಾಡ್ಸಿದ್ದು ಒಬ್ರು ಹಳೇ ತಾಂಡೇಲರು (ಬೋಟು ನಡೆಸೋ ಮುಖ್ಯಸ್ಥರು), ಬೋಟು ಬಿಟ್ಟು ಹತ್ತು ವರ್ಷ ಆಗಿದೆ. ಅವ್ರು ಬಲೆ ಕಟ್ತಾ ಕಟ್ತಾ ತನ್ನ ಮಗನಿಗೆ ತಾನು ಹೊಡೆದಿದ್ದು, ಮಗ ಈಗ ಫೋನೂ ಮಾಡದೆ ಇರೋದು ಹೇಳ್ತಿದ್ರೆ ಶೆಡ್ಡಲ್ಲಿ ಸೂಜಿ ನಿಂತುಬಿಡ್ತಿತ್ತು. ಕೈಗೆ ಕೆಲ್ಸ ಇದ್ದು ಕಣ್ಣು ಬಲೆ ಮೇಲಿದ್ರೆ ಗಂಡಸ್ರು ಮಾತಾಡ್ತಾರೆ, ಮುಖ ನೋಡ್ತಾ ಕೂರ್ಸಿದ್ರೆ ಇಲ್ಲ. ತಾಂಡೇಲರನ್ನ ಹ್ಯಾಂಗೆ ಒಪ್ಪಿಸ್ದೆ ಅಂತ ಕೇಳ್ಬೇಡಿ, ಅದೂ ನನ್ನ ಹತ್ರನೇ ಇರ್ಲಿ.

ಮಧ್ಯೆ ತಲೆ ಕೆಟ್ಟ ಪ್ರಯೋಗಗಳೂ ಆದ್ವು. ಮಕ್ಕಳ ಪುಸ್ತಕವನ್ನ ಮೀನಿನ ಥರ್ಮಾಕೋಲ್ ಪೆಟ್ಟಿಗೇಲಿಟ್ಟು ಸಂತೆಗೆ ತಂದೆ, ಮಳೆಗೆ ಒದ್ದೆ ಆಗಲ್ಲ ಅಂತ. ತೊಳೆದು ಒಣಗಿಸಿದ್ದೇ ಆದ್ರೂ ಪುಸ್ತಕಕ್ಕೆಲ್ಲ ತಾರ್ಲೆ ಮೀನಿನ ವಾಸನೆ ಹಿಡೀತು, ಮಕ್ಕಳಿಗಿಂತ ಬೆಕ್ಕು ಜಾಸ್ತಿ ಬಂದ್ವು. ಒಂದು ಹೈಸ್ಕೂಲಲ್ಲಿ ಪ್ರಶ್ನೆ ಡಬ್ಬಿ ಇಟ್ಟೆ, ಹೆಸ್ರು ಬರೀದೆ ಮನಸ್ಸಿನ ಪ್ರಶ್ನೆ ಹಾಕಿ ಅಂತ, ತಿಂಗ್ಳ ಮೇಲೆ ತೆರೆದ್ರೆ ಚಾಕಲೇಟ್ ಕಾಗದ, ಗಣಿತದ ಸರ್ ಮೇಲೆ ಒಂದು ಪದ್ಯ (ಪದ್ಯ ಚೆನ್ನಾಗೇ ಇತ್ತು), ಮತ್ತೆ ಒಂದೇ ಒಂದು ಚೀಟಿ, "ಅಮ್ಮ ಊಟ ಬಿಟ್ಟಿದ್ದಾರೆ" ಅಂತ. ಆ ಒಂದು ಚೀಟಿಗಾಗಿ ಡಬ್ಬಿ ಇನ್ನೂ ಇಟ್ಟಿದ್ದೇನೆ. ಫೇಲಾದ ಹುಡುಗ್ರ ಗುಂಪು ಮಾತ್ರ ಚೆನ್ನಾಗಿ ಕೂತ್ಕೊಂಡಿತು. 2024ರಲ್ಲಿ ಎಸ್ಸೆಸ್ಸೆಲ್ಸಿಗೆ ಮೂರು ಪರೀಕ್ಷೆ ಬಂದ ಮೇಲೆ, ಗೋವಾಕ್ಕೆ ಹೋಟೆಲ್ ಕೆಲ್ಸಕ್ಕೆ ಹೋಗೋ ಮೊದ್ಲು ಇನ್ನೊಂದು ಸಲ ಕೂತ್ ನೋಡು ತಮಾ ಅನ್ನೋಕೆ ಜಾಗ ಸಿಕ್ತು. ಹದಿನಾಲ್ಕು ಹುಡುಗ್ರಲ್ಲಿ ಎಂಟು ಜನ ಪಾಸು, ಒಬ್ಬ ಐಟಿಐ ಸೇರಿದ. ಮಡಗಾಂವಿನ ಹುಡುಗ ಓದೋಕೆ ಬರ್ಲಿಲ್ಲ, ಆದ್ರೆ ಚೌತಿಗೆ ಮನೆಗೆ ಬಂದಿದ್ದ.

ಖರ್ಚು ಈಗ ತಿಂಗ್ಳಿಗೆ ಎರಡು, ಎರಡೂವರೆ ಸಾವಿರದಲ್ಲಿ ಮುಗೀತದೆ, ಇಂಕು, ರೀಚಾರ್ಜು, ಬಸ್ಸು, ಚಾ. ಒಂದು ಸಂಸ್ಥೆಯವ್ರು ವರ್ಷಕ್ಕೆ 60 ಸಾವಿರ ಕೊಡ್ತೇವೆ ಅಂದ್ರು, ಆದ್ರೆ ಪ್ರತಿ ವಾರ ತಾಯಿ-ಮಕ್ಕಳನ್ನ ಬ್ಯಾನರ್ ಮುಂದೆ ನಿಲ್ಸಿ ಫೋಟೋ ಬೇಕಂತೆ. ಬೇಡ ಅಂದೆ. ಮನೇಲಿ ಬೈಸ್ಕೊಂಡೆ, ಅದು ಬೇರೆ ವಿಷ್ಯ. ಎರಡೂವರೆ ವರ್ಷದಲ್ಲಿ ಟೇಬಲ್ಲಿಗೆ ಸಾವಿರದ ಇನ್ನೂರರ ಮೇಲೆ ಅರ್ಜಿ ಬಂದಿರ್ಬೇಕು, ಮಂಗಳವಾರಕ್ಕೆ ದಾಟಿದವ್ರು ನೂರಾ ಎಪ್ಪತ್ತು ಎಂಬತ್ತು. ರೂಮಿನ ಹನ್ನೆರಡಕ್ಕೆ ಹೋಲ್ಸಿ ನೋಡಿ.

ಫೋನ್ ಮಾಡಿದ ಆ ಮಹನೀಯರು ಕುಮಟಾದಲ್ಲಿ ಶುರು ಮಾಡ್ಬೇಕಂತೆ. ನಾಲ್ಕು ಭಾನುವಾರ ಬಂದು ನನ್ನ ಪಕ್ಕ ಕೂತ್ಕೊಳ್ಳಿ, ಬ್ಯಾನರ್ ತರ್ಬೇಡಿ, ಐಡಿ ಕಾರ್ಡೂ ಹಾಕ್ಬೇಡಿ ಅಂದೆ. ಇಬ್ಬರನ್ನ ಕಳ್ಸಿದ್ರು. ಒಬ್ಬ ಹುಡುಗ ಮೀನು ವಾಸನೆ ಅಂತ ಹನ್ನೊಂದು ಗಂಟೆ ಬಸ್ಸಿಗೇ ವಾಪಸ್ ಹೋದ. ಹುಡುಗಿ ಮೂರನೇ ವಾರಕ್ಕೆ ತಾನೇ ಫಾರಂ ಮುಚ್ಚಿ "ದಾಖಲೆ ಬಾಕಿ ಉಂಟು ಅಕ್ಕಾ" ಅಂದ್ಲು, ನಾನು ಕಣ್ಸನ್ನೆ ಮಾಡೋಕೆ ಮೊದ್ಲೇ.