ಹೊಸ ಫಾಗ್ ಲೈಟ್ ಕೂಡಿಸುವ ಮುನ್ನ
ವಾಹನದ ಒಡೆದ ಫಾಗ್ ಲೈಟ್ (ಮಂಜಿನಲ್ಲಿ ದಾರಿ ತೋರುವ ದೀಪ) ಬದಲಿಸುವವರು, ಹೊಸದನ್ನು ಬಂಪರಿಗೆ ಕೂಡಿಸುವ ಮೊದಲೇ ಅದರ ಗಾಜಿಗೆ ಪಾರದರ್ಶಕ ಪಾಲಿಯುರೆಥೇನ್ ಫಿಲ್ಮ್ (ತೆಳು ಪ್ಲಾಸ್ಟಿಕ್ ಪದರ) ಅಂಟಿಸಿ, ಅಂಚು ಏಳದಂತೆ ಚೆನ್ನಾಗಿ ಒತ್ತಿಕೊಳ್ಳಬೇಕು. ಬಳ್ಳಾರಿ–ಸಂಡೂರು ರಸ್ತೆಯಲ್ಲಿ ಅದಿರಿನ ಲಾರಿಯ ಗಾಲಿಯಿಂದ ಸಿಡಿಯುವ ಕಡಲೆಕಾಳಿನಷ್ಟು ಕಲ್ಲೂ ಗಾಜಿನಲ್ಲಿ ನಕ್ಷತ್ರದಂಥ ಬಿರುಕು ಮೂಡಿಸಬಲ್ಲದು. ಹಿಗ್ಗುವ ಗುಣದ ಈ ಪದರವು ಪೆಟ್ಟನ್ನು ಹೀರಿ ಸುತ್ತಲೂ ಹರಡುವುದರಿಂದ ಸಣ್ಣ ಕಲ್ಲುಗಳಿಂದ ಗಾಜು ಉಳಿಯುತ್ತದೆ. ಆದರೆ ಕಾದ ಹ್ಯಾಲೊಜೆನ್ ದೀಪಕ್ಕೆ ರಸ್ತೆಗುಂಡಿಯ ತಣ್ಣೀರು ಎರಚಿ ಗಾಜು ಸೀಳುವುದನ್ನು ಇದು ತಡೆಯಲಾರದು, ಆದ್ದರಿಂದ ಮಂಜಿಲ್ಲದಾಗ ದೀಪವನ್ನು ಆರಿಸಿಯೇ ಇಡುವುದು ಒಳ್ಳೆಯದು. ಈಗಾಗಲೇ ಬಿರುಕು ಬಿಟ್ಟ ಗಾಜಿಗೆ ಅಂಟಿಸಿ ಪ್ರಯೋಜನವಿಲ್ಲ, ತೇವ ಒಳಸೇರಿ ಬೆಳಕನ್ನು ಮುಂದಕ್ಕೆ ಚೆಲ್ಲುವ ರಿಫ್ಲೆಕ್ಟರ್ ಮಸುಕಾಗುತ್ತದೆ. ದಯವಿಟ್ಟು 55 ವ್ಯಾಟಿನ ಜಾಗಕ್ಕೆ 100 ವ್ಯಾಟಿನ ಬಲ್ಬ್ ಹಾಕಿಸಬೇಡಿ. ಆ ಕಾವಿಗೆ ಪ್ಲಾಸ್ಟಿಕ್ ಹೋಲ್ಡರೇ ಕರಗಬಹುದು.