ಪೈನ್‌ಫೋನ್: ಓಎಸ್ ಕಾರ್ಡಿನಲ್ಲಿರಲೋ, ಒಳಗಿರಲೋ?

ನನ್ನ ಪೈನ್‌ಫೋನಿನಲ್ಲಿ ಓಎಸ್ (ಫೋನ್ ನಡೆಸುವ ಮೂಲ ತಂತ್ರಾಂಶ) ಆಂಡ್ರಾಯ್ಡ್ ಅಲ್ಲ, ಲಿನಕ್ಸ್. ಅದರ ಆಲ್‌ವಿನ್ನರ್ ಎ64 ಚಿಪ್ ಆನ್ ಆದ ಕೂಡಲೇ ಮೊದಲು ಮೆಮೊರಿ ಕಾರ್ಡ್ ನೋಡುತ್ತದೆ. ಅಲ್ಲಿ ಬೂಟ್ ಆಗುವಂಥದ್ದು, ಅಂದರೆ ಫೋನ್ ಶುರು ಮಾಡುವಂಥದ್ದು ಸಿಗದಿದ್ದರೆ ಒಳಗಿನ ಸ್ಟೋರೇಜ್ ಚಿಪ್ಪಿಗೆ, ಅಂದರೆ ಇಎಂಎಂಸಿಗೆ ಹೋಗುತ್ತದೆ. ಹಾಗಾಗಿ ಉಬುಂಟು ಟಚ್, ಪೋಸ್ಟ್‌ಮಾರ್ಕೆಟ್‌ಓಎಸ್, ಮೊಬಿಯನ್ ಎಂಬ ಮೂರು ಲಿನಕ್ಸ್ ಓಎಸ್‌ಗಳನ್ನೂ ಕಾರ್ಡಿಗೆ ಬರೆದೇ ನೋಡಿದೆ. ಬೇಡ ಅನ್ನಿಸಿದರೆ ಹಿಂದಿನ ಮುಚ್ಚಳ ಎತ್ತಿ ಕಾರ್ಡ್ ಬದಲಾಯಿಸಿದರಾಯಿತು. ಕೊನೆಗೆ ಮೊಬಿಯನ್ ಇಷ್ಟವಾಯಿತು.

ದಿನಾ ಬಳಸಲು ಶುರು ಮಾಡಿದ ಮೇಲೆ ತಕರಾರು ಗೊತ್ತಾಯಿತು. ಅಪ್‌ಡೇಟ್ ಹಾಕಿದರೆ ಫೋನ್ ಸ್ತಬ್ಧ. ಫೈರ್‌ಫಾಕ್ಸ್ ತೆರೆಯುವಷ್ಟರಲ್ಲಿ ತಾಳ್ಮೆ ಮುಗಿಯುತ್ತಿತ್ತು. ಕಾರ್ಡ್ ಮೇಲೆ ಮಾತ್ರ ದೊಡ್ಡ ಅಕ್ಷರದಲ್ಲಿ ವೇಗ ಬರೆದಿತ್ತು! ಆ ವೇಗ ಒಂದು ದೊಡ್ಡ ವಿಡಿಯೊವನ್ನು ಒಂದೇ ಸಮನೆ ಓದುವುದಕ್ಕೆ. ಓಎಸ್ ಮಾಡುವ ಕೆಲಸವೇ ಬೇರೆ. ಸಾವಿರಾರು ಸಣ್ಣ ಫೈಲುಗಳನ್ನು ಅಲ್ಲಲ್ಲಿ ಓದುತ್ತದೆ, ಅಲ್ಲಲ್ಲಿ ಬರೆಯುತ್ತದೆ. ಮಂಡ್ಯದಿಂದ ಲಾರಿ ತುಂಬ ಬೆಲ್ಲ ಸಾಗಿಸುವುದು ಒಂದು, ಅದನ್ನೇ ಅಂಗಡಿಯಲ್ಲಿ ಕಾಲು ಕಾಲು ಕೆಜಿ ತೂಗಿ ಕೊಡುವುದು ಇನ್ನೊಂದು, ಅಲ್ವಾ?

ಈ ಚಿಲ್ಲರೆ ವ್ಯಾಪಾರದ ಅಳತೆ ಕಾರ್ಡಿನ ಮೇಲಿರುವ ಎ1, ಎ2 ಗುರುತು. ಎ1 ಅಂದರೆ ಸೆಕೆಂಡಿಗೆ ಕನಿಷ್ಠ 1500 ಸಣ್ಣ ಓದು, 500 ಸಣ್ಣ ಬರಹ. ಎ2 ಅಂದರೆ 4000 ಮತ್ತು 2000. ಆದರೆ ಎ2ನ ಪೂರ್ತಿ ಲಾಭ ಸಿಗಬೇಕಾದರೆ ಫೋನ್ ಕೂಡ ಅದಕ್ಕೆ ತಕ್ಕ ಹಾಗೆ ಇರಬೇಕು. ಸುಮ್ನೆ ಜಾಸ್ತಿ ದುಡ್ಡು ಕೊಡಬೇಡಿ ಅಂತ ನನ್ನ ಅಭಿಪ್ರಾಯ. ಮೈಸೂರಿನ ದೇವರಾಜ ಅರಸು ರಸ್ತೆಯಲ್ಲಿ ಎ1 ಕಾರ್ಡ್ ಕೇಳಿದೆ. "ಎಲ್ಲಾ ಒಂದೇ ಸಾರ್, ಕ್ಲಾಸ್ 10 ಇದ್ರೆ ಸಾಕು" ಅಂದ ಅಂಗಡಿ ಹುಡುಗ. ಕ್ಲಾಸ್ 10 ಹೇಳುವುದು ಲಾರಿ ಲೆಕ್ಕ ಮಾತ್ರ: ಸೆಕೆಂಡಿಗೆ 10 ಎಂಬಿ ಒಂದೇ ಸಮನೆ ಬರೆಯುತ್ತದೆ ಅಂತ. ಎಲ್ಲೇ ಕೊಂಡರೂ ಮನೆಗೆ ಬಂದು ಎಫ್3 ಎಂಬ ತಂತ್ರಾಂಶ ಓಡಿಸಿ ನೋಡುತ್ತೇನೆ. ಕಾರ್ಡಿನ ಮೇಲೆ ಬರೆದಷ್ಟು ಜಿಬಿ ನಿಜವಾಗಿ ಇದೆಯೋ, ನಕಲಿಯೋ ಅಂತ ಅದು ಹೇಳಿಬಿಡುತ್ತದೆ.

ಎ1 ಕಾರ್ಡಿನಿಂದ ಸ್ವಲ್ಪ ಚುರುಕಾಯಿತು. ಆದರೂ ಮೊಬಿಯನ್ ಅನ್ನು ಒಳಗೇ ಹಾಕಿದೆ. ಅದಕ್ಕೆ ಜಂಪ್‌ಡ್ರೈವ್ ಎಂಬ ಪುಟ್ಟ ತಂತ್ರಾಂಶ ಇದೆ. ಅದನ್ನು ಒಂದು ಕಾರ್ಡಿಗೆ ಬರೆದು ಫೋನ್ ಆನ್ ಮಾಡಿ ಯುಎಸ್‌ಬಿ ಕೇಬಲ್ ಹಾಕಿದರೆ, ಒಳಗಿನ ಇಎಂಎಂಸಿ ಲ್ಯಾಪ್‌ಟಾಪಿಗೆ ಪೆನ್‌ಡ್ರೈವ್ ಥರ ಕಾಣುತ್ತದೆ. ಓಎಸ್‌ನ ಇಮೇಜ್ ಫೈಲನ್ನು ಅದಕ್ಕೆ ಬರೆಯುವ ಮುಂಚೆ ಡ್ರೈವಿನ ಹೆಸರು, ಸೈಜ್ ಎರಡನ್ನೂ ನೋಡಿ. ತಪ್ಪಿದರೆ ಲ್ಯಾಪ್‌ಟಾಪಿನ ಡಿಸ್ಕೇ ಅಳಿಸಿಹೋಗುತ್ತದೆ.

ಆಮೇಲೆ ವ್ಯತ್ಯಾಸ ಕಣ್ಣಿಗೇ ಕಂಡಿತು. ಅಪ್‌ಡೇಟ್ ಆಗುತ್ತಿರುವಾಗಲೂ ಕರೆ ತೆಗೆದುಕೊಳ್ಳಬಹುದು. ಒಂದು ಚಿಂತೆ ಇದೆ: ಇಎಂಎಂಸಿ ಬೋರ್ಡಿಗೇ ಬೆಸುಗೆ ಹಾಕಿದ ಚಿಪ್, ಬರೆದು ಬರೆದು ಸವೆದರೆ ಬದಲಾಯಿಸುವುದು ನಮ್ಮ ಕೈಲಾಗುವ ಕೆಲಸವಲ್ಲ. ಅದಕ್ಕೇ ಸಿಸ್ಟಂ ಲಾಗ್‌ಗಳು (ಓಎಸ್ ಬರೆದಿಡುತ್ತಲೇ ಇರುವ ದಾಖಲೆಗಳು) ರ‍್ಯಾಮಿನಲ್ಲೇ ಇರುವಂತೆ ಮಾಡಿದ್ದೇನೆ. ಫೋಟೊ, ಹಾಡು, ಆಫ್‌ಲೈನ್ ಮ್ಯಾಪ್ ಎಲ್ಲ ಕಾರ್ಡಿನಲ್ಲಿವೆ. ಅದರಲ್ಲಿ ಓಎಸ್ ಶುರು ಮಾಡುವ ಬೂಟ್‌ಲೋಡರ್ ಇಲ್ಲದ ಕಾರಣ ಫೋನ್ ಅದನ್ನು ದಾಟಿ ಒಳಗಿನಿಂದಲೇ ಶುರುವಾಗುತ್ತದೆ.

ಮೊಬಿಯನ್ ಇರುವ ಹಳೇ ಕಾರ್ಡ್ ಅಳಿಸಿಲ್ಲ. ಅಪ್‌ಡೇಟ್ ಕೆಟ್ಟು ಫೋನ್ ಏಳದಿದ್ದರೆ ಅದನ್ನು ಹಾಕಿ ಆನ್ ಮಾಡುತ್ತೇನೆ, ಒಳಗಿನ ಇಎಂಎಂಸಿಯನ್ನು ಮೌಂಟ್ ಮಾಡಿ, ಅಂದರೆ ಅದರ ಫೈಲುಗಳನ್ನು ತೆರೆದು ಸರಿಪಡಿಸುತ್ತೇನೆ.